ನಾದಿರಾಳ ತಂದೆ ಓದದೆ ಬಿಟ್ಟ ಸೂಕ್ತ

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ರಂಗಕ್ಕೇರಿ ವರ್ಷಗಳೇ ಸಂದಿವೆ. 2016ರಲ್ಲಿ ರೂಪಾ ಕೋಟೇಶ್ವರ ಅವರು ಅದನ್ನು ನಾಟಕವಾಗಿಸಿದರು. ಬೆಂಗಳೂರಿನ ರಂಗಪಯಣ ತಂಡ ನಯನಾ ಜೆ. ಸೂಡ ಅವರ ನಿರ್ದೇಶನದಲ್ಲಿ ಅದನ್ನು ಪ್ರೇಕ್ಷಕರ ಮುಂದಿಟ್ಟಿತು. ಕಾದಂಬರಿಕಾರ್ತಿ ಈಗ ನಮ್ಮೊಂದಿಗಿಲ್ಲ, 2023ರ ಜನವರಿ 10ರಂದು ಅವರು ಇಹಲೋಕ ತ್ಯಜಿಸಿದರು. ಕನ್ನಡದ ರಂಗಪ್ರಿಯರ ಬಾಯಲ್ಲಿ ನಾದಿರಾ ಎಂಬ ಹೆಸರು ಇಂದು ಪರಿಚಿತವಾಗಿದೆ. ಆದರೆ ಯಾವ ಮನೆಗಳ ಒಳಗಿನಿಂದ ಆಕೆ ಎದ್ದುಬಂದಳೋ ಆ ಮನೆಗಳವರಲ್ಲಿ ಎಷ್ಟು ಮಂದಿ ಈ ನಾಟಕವನ್ನು ಕಂಡಿದ್ದಾರೆ? ಪಾದರಾಯನಪುರ, ಗೋರಿಪಾಳ್ಯಗಳಿಂದ ಹಿಡಿದು ವಿಜಯನಗರ, ಬಸವೇಶ್ವರನಗರ, ಕೆಂಗೇರಿಯವರೆಗೆ ನಗರದ ಪಶ್ಚಿಮ ಭಾಗದಲ್ಲಿ ಹರಡಿಕೊಂಡಿರುವ ಮುಸ್ಲಿಮ್ ಕುಟುಂಬಗಳನ್ನು ಉದ್ದೇಶಿಸಿಯೇ ನಾವು ಈ ಪ್ರಶ್ನೆ ಕೇಳುತ್ತಿದ್ದೇವೆ. ರಂಗದ ಮೇಲೆ ನಾವಿದ್ದೇವೆ, ಆದರೆ ರಂಗದ ಮುಂದಿನ ಕುರ್ಚಿಗಳಲ್ಲಿ ನಾವಿಲ್ಲ.

ಕಥೆಯನ್ನು ಬಲ್ಲವರಿಗೂ ಒಮ್ಮೆ ನೆನಪಿಸುವುದು ಅಗತ್ಯ. ಕಾಸರಗೋಡಿನ ಬಳಿ ಹರಿಯುವ ಚಂದ್ರಗಿರಿ ಹೊಳೆಯ ತೀರದಲ್ಲಿ ಮಹಮ್ಮದ್ ಖಾನ್ ಎಂಬ ಒಬ್ಬ ತಂದೆ. ಮನೆಯಲ್ಲಿ ಆತನ ಮಾತೇ ಮೊದಲು, ಆತನ ಮಾತೇ ಕೊನೆ. ಮಗಳು ನಾದಿರಾಳನ್ನು ಎಳೆಯ ವಯಸ್ಸಿನಲ್ಲೇ ರಶೀದನಿಗೆ ಮದುವೆ ಮಾಡಿಕೊಡುತ್ತಾನೆ. ದಂಪತಿಗಳು ಅನ್ಯೋನ್ಯವಾಗಿರುತ್ತಾರೆ, ಮಗುವೂ ಆಗುತ್ತದೆ. ಬಿರುಕು ಮೂಡುವುದು ಗಂಡ ಹೆಂಡಿರ ನಡುವೆ ಅಲ್ಲ, ಮಾವ ಅಳಿಯಂದಿರ ನಡುವೆ. ತಂದೆಯ ಹಠದಿಂದಾಗಿ ಮಗಳು ತವರಿನಲ್ಲಿ ಉಳಿಯುತ್ತಾಳೆ, ತಲಾಕ್ ನಡೆದುಹೋಗುತ್ತದೆ. ಕಾಲ ಕಳೆದಂತೆ ಇಬ್ಬರಿಗೂ ಮತ್ತೆ ಒಂದಾಗುವ ಆಸೆ. ಆಗ ಊರಿನ ಹಿರಿಯರು ಹೇಳುವ ಮಾತು ಒಂದೇ: ಅವಳು ಮೊದಲು ಬೇರೊಬ್ಬನನ್ನು ಮದುವೆಯಾಗಬೇಕು, ಅವನೊಂದಿಗೆ ರಾತ್ರಿ ಕಳೆಯಬೇಕು, ಅವನು ಬಿಡಬೇಕು. ಇದನ್ನು ಸಹಿಸಲಾರದೆ ನಾದಿರಾ ಮಸೀದಿಯ ಕೊಳದಲ್ಲಿ ತನ್ನ ಬದುಕನ್ನು ಮುಗಿಸುತ್ತಾಳೆ.

1980ರ ದಶಕದ ಆರಂಭದಲ್ಲಿ ಈ ಕಾದಂಬರಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದಾಗ ಕರಾವಳಿಯ ಸಮುದಾಯದಲ್ಲಿ ಎದ್ದ ಕೋಲಾಹಲ ಸಣ್ಣದಲ್ಲ. 1985ರಲ್ಲಿ ಪುತ್ತೂರಿನ ಸಾಹಿತ್ಯ ಸಭೆಯೊಂದರಲ್ಲಿ ಲೇಖಕಿ ಮಾತನಾಡುವುದಕ್ಕೇ ಅಡ್ಡಿಯಾಯಿತು. ಶರೀಅತ್ತನ್ನು ಅವಹೇಳನ ಮಾಡಿದ್ದಾರೆ, ಮನೆಯ ಮಾತನ್ನು ಬೀದಿಗೆ ತಂದಿದ್ದಾರೆ ಎಂಬುದು ಆಪಾದನೆ. ಇನ್ನೊಂದು ಕಡೆ, ಇಸ್ಲಾಮಿನ ಬಗ್ಗೆ ಮೊದಲೇ ತೀರ್ಮಾನ ಮಾಡಿಕೊಂಡವರಿಗೆ ಈ ಕೃತಿ ಕೈಗೆ ಸಿಕ್ಕ ಸಾಕ್ಷ್ಯಪತ್ರದಂತಾಯಿತು. ಒಬ್ಬರು ಪುಸ್ತಕವನ್ನು ಓದದೆ ಖಂಡಿಸಿದರು, ಮತ್ತೊಬ್ಬರು ಓದಿ, ತಮಗೆ ಬೇಕಾದದ್ದನ್ನಷ್ಟೇ ಹೆಕ್ಕಿಕೊಂಡರು. ಈ ಎರಡು ಗುಂಪುಗಳ ನಡುವೆ ನಾದಿರಾಳ ಪ್ರಶ್ನೆ ಹಾಗೆಯೇ ಉಳಿಯಿತು. ನಾಲ್ಕು ದಶಕಗಳ ಬಳಿಕ ನಾಟಕವಾಗಿ ಅದು ಮತ್ತೆ ಎದುರಿಗೆ ನಿಂತಿರುವಾಗ ಆ ಪ್ರಶ್ನೆಗೆ ನಮ್ಮ ಗ್ರಂಥಗಳಿಂದಲೇ ಉತ್ತರ ಹುಡುಕುವ ಕೆಲಸವನ್ನು ನಾವಲ್ಲದೆ ಬೇರೆ ಯಾರು ಮಾಡಬೇಕು?

ಮದ್ರಸದ ಚಾಪೆಯ ಮೇಲೆ ಕುಳಿತು ನಿಕಾಹ್ ಮತ್ತು ತಲಾಕ್‌ನ ಅಧ್ಯಾಯಗಳನ್ನು ಓದಿದ ನಮಗೆ ಈ ಕಥೆಯಲ್ಲಿ ಮೊದಲು ಕಾಣುವುದು ಹಿರಿಯರ ನೆನಪಿನ ವಿಚಿತ್ರ ಸ್ವಭಾವ. ಪವಿತ್ರ ಕುರ್‌ಆನಿನ ಅಲ್‌ಬಕರಃ ಅಧ್ಯಾಯದ 230ನೇ ಸೂಕ್ತ ಅವರಿಗೆ ಕಂಠಪಾಠ. ಮೂರನೆಯ ತಲಾಕ್‌ನ ಬಳಿಕ ಆಕೆ ಬೇರೊಬ್ಬನ ಪತ್ನಿಯಾಗಿ, ಆ ಮದುವೆಯೂ ಮುರಿದ ಹೊರತು ಮೊದಲ ಗಂಡನಿಗೆ ಧರ್ಮಸಮ್ಮತಳಾಗುವುದಿಲ್ಲ ಎಂಬುದು ಅದರ ಆಶಯ. ಆದರೆ ಅದರ ಹಿಂದಿನ 229ನೇ ಸೂಕ್ತ ತಲಾಕನ್ನು ಎರಡು ಸಲಕ್ಕೆ ಮಿತಿಗೊಳಿಸಿ, ಇಟ್ಟುಕೊಳ್ಳುವುದಿದ್ದರೆ ಗೌರವದಿಂದ, ಕಳುಹಿಸುವುದಿದ್ದರೆ ಸೌಜನ್ಯದಿಂದ ಎಂದು ಕಲಿಸುತ್ತದೆ. ಅದು ಯಾರಿಗೂ ನೆನಪಿಲ್ಲ. ಮುಂದಿನ 232ನೇ ಸೂಕ್ತವಂತೂ ಮಹಮ್ಮದ್ ಖಾನನಂಥ ತಂದೆಯರನ್ನೇ ನೇರವಾಗಿ ಎದುರು ನಿಲ್ಲಿಸಿಕೊಂಡು ಮಾತನಾಡುತ್ತದೆ. ಆ ಸೂಕ್ತವನ್ನು ಇಡೀ ಊರೇ ಓದದೆ ಬಿಟ್ಟಿದೆ.

ಅದರ ಹಿನ್ನೆಲೆಯನ್ನು ಇಮಾಮ್ ಬುಖಾರಿಯವರು ದಾಖಲಿಸಿದ್ದಾರೆ. ಮಅಕಿಲ್ ಬಿನ್ ಯಸಾರ್(ರ) ಎಂಬ ಸಹಾಬಿ ತಮ್ಮ ಸಹೋದರಿಯನ್ನು ಒಬ್ಬನಿಗೆ ಮದುವೆ ಮಾಡಿಕೊಟ್ಟಿದ್ದರು. ಆತ ತಲಾಕ್ ಕೊಟ್ಟ, ಇದ್ದತ್‌ನ ಅವಧಿಯೂ ಮುಗಿಯಿತು. ಆ ಮೇಲೆ ಪಶ್ಚಾತ್ತಾಪಗೊಂಡು ಮರಳಿ ಬಂದು ಹೆಣ್ಣು ಕೇಳಿದ. ಅಣ್ಣನಿಗೆ ಸಿಟ್ಟು ಬಂತು. ನಿನ್ನನ್ನು ಗೌರವಿಸಿ ತಂಗಿಯನ್ನು ಕೊಟ್ಟೆ, ನೀನು ಬಿಟ್ಟುಬಿಟ್ಟೆ, ಇನ್ನೆಂದೂ ಅವಳು ನಿನಗೆ ಸಿಗಲಾರಳು ಎಂಬರ್ಥದಲ್ಲಿ ಆಣೆಯಿಟ್ಟರು. ಆದರೆ ತಂಗಿಗೆ ಮರಳುವ ಮನಸ್ಸಿತ್ತು. ಆಗ ಅವತೀರ್ಣವಾದ ಸೂಕ್ತವು, ಪರಸ್ಪರ ಒಪ್ಪಿದ ಆ ದಂಪತಿಗಳು ಮತ್ತೆ ಮದುವೆಯಾಗುವುದನ್ನು ತಡೆಯಬೇಡಿರೆಂದು ಹೆಣ್ಣಿನ ಕಡೆಯವರಿಗೆ ಆಜ್ಞಾಪಿಸಿತು. ಮಅಕಿಲ್(ರ) ತಮ್ಮ ಆಣೆಯನ್ನು ಮುರಿದು ತಂಗಿಯನ್ನು ಅವನಿಗೇ ನಿಕಾಹ್ ಮಾಡಿಕೊಟ್ಟರು. ಅಣ್ಣನ ಪ್ರತಿಷ್ಠೆಗೂ ತಂಗಿಯ ಇಚ್ಛೆಗೂ ನಡುವೆ ಅಲ್ಲಾಹನು ಯಾವುದನ್ನು ಆರಿಸಿದನೆಂಬುದು ಇಲ್ಲಿ ಸ್ಪಷ್ಟ. ಮಹಮ್ಮದ್ ಖಾನನೂ ಮಅಕಿಲರಂತೆ ಸಿಟ್ಟಿನ ಮನುಷ್ಯ. ವ್ಯತ್ಯಾಸವೆಂದರೆ, ಸಿಟ್ಟಿಗಿಂತ ದೊಡ್ಡದೊಂದಿದೆ ಎಂದು ಆತನಿಗೆ ಹೇಳುವವರು ಯಾರೂ ಇರಲಿಲ್ಲ.

ಮರುವಿವಾಹಕ್ಕೆ ಬೇರೊಬ್ಬನ ಮದುವೆ ಅಡ್ಡ ಬರಬೇಕಾದರೆ ಮೂರು ತಲಾಕ್ ಆಗಿರಲೇಬೇಕು. ಒಂದು ತಲಾಕ್ ಆಗಿ ಇದ್ದತ್ ಕಳೆದಿದ್ದರೆ ಯಾವ ಮಧ್ಯವರ್ತಿಯೂ ಬೇಡ. ಹೊಸ ಮಹರ್, ಹೊಸ ನಿಕಾಹ್, ಇಬ್ಬರು ಸಾಕ್ಷಿಗಳು, ಅಷ್ಟೇ ಸಾಕು. ಇದು ನಮ್ಮ ಎಷ್ಟು ಮನೆಗಳಿಗೆ ಗೊತ್ತು? ತಲಾಕ್‌ನಾಮೆ ಬರೆಸಲು ಹೋದವನಿಗೆ ಬರೆಯುವವನೇ ಅಭ್ಯಾಸಬಲದಿಂದ ಮೂರು ಸಲ ಬರೆದುಕೊಡುವುದುಂಟು. ಒಂದು ಸಲ ಬರೆದರೆ ಅದು ತಲಾಕೇ ಆಗುವುದಿಲ್ಲವೆಂಬ ನಂಬಿಕೆ ಸುಶಿಕ್ಷಿತರಲ್ಲೂ ಇದೆ. ಒಂದೇ ಸಲಕ್ಕೆ ಹೇಳಿದ ಮೂರನ್ನು ನಾಲ್ಕೂ ಮದ್ಹಬ್‌ಗಳ ಬಹುಮತ ಮೂರೆಂದೇ ಎಣಿಸಿದೆ, ಇಬ್ನು ತೈಮಿಯ್ಯಃ ಮತ್ತು ಅವರ ಶಿಷ್ಯ ಇಬ್ನುಲ್ ಕಯ್ಯಿಮ್ ಒಂದೆಂದು ಎಣಿಸಿದ್ದಾರೆ. ಆ ಚರ್ಚೆ ಏನೇ ಇರಲಿ, ಹಾಗೆ ಹೇಳುವುದು ತಲಾಕ್‌ನ ಸುನ್ನತ್ ರೀತಿಯಲ್ಲ ಎಂಬಲ್ಲಿ ಹನಫೀ ವಿದ್ವಾಂಸರಿಗೂ ಅನುಮಾನವಿಲ್ಲ.

ಇನ್ನು ಆ ಒಂದು ರಾತ್ರಿಯ ಮದುವೆ. ಮೊದಲ ಗಂಡನಿಗೆ ಮರಳಿಸಿ ಕೊಡುವುದಕ್ಕೆಂದೇ ಮದುವೆಯಾಗುವವನನ್ನೂ ಹಾಗೆ ಮಾಡಿಸಿಕೊಳ್ಳುವವನನ್ನೂ ಪ್ರವಾದಿವರ್ಯರು(ಸ) ಶಪಿಸಿದ್ದಾರೆಂದು ಅಬೂದಾವೂದ್, ತಿರ್ಮಿದಿ, ಇಬ್ನುಮಾಜಃ ಸಂಗ್ರಹಗಳಲ್ಲಿದೆ. ಅಂಥವನನ್ನು ಎರವಲು ತಂದ ಹೋತಕ್ಕೆ ಹೋಲಿಸಿದ ವರದಿಯೂ ಇದೆ. ಕರಾವಳಿಯ ಮುಸ್ಲಿಮರು ಅನುಸರಿಸುವ ಶಾಫಿಈ ಮದ್ಹಬ್‌ನಲ್ಲಿ, ರಾತ್ರಿ ಕಳೆದ ಬಳಿಕ ಬಿಡತಕ್ಕದ್ದು ಎಂಬ ಷರತ್ತನ್ನು ನಿಕಾಹ್‌ನ ಒಪ್ಪಂದದಲ್ಲಿ ಸೇರಿಸಿದರೆ ಆ ನಿಕಾಹ್ ಸಿಂಧುವೇ ಅಲ್ಲ. ಬೆಂಗಳೂರಿನ ಹೆಚ್ಚಿನವರು ಅನುಸರಿಸುವ ಹನಫೀ ಮದ್ಹಬ್‌ನಲ್ಲಿ ಇಮಾಮ್ ಅಬೂಹನೀಫಾ ಅದನ್ನು ಸಿಂಧುವೆಂದರೂ ಪಾಪಕೃತ್ಯವೆಂದು ಬಗೆದರು, ಅವರ ಶಿಷ್ಯ ಅಬೂಯೂಸುಫ್ ಅಸಿಂಧುವೆಂದೇ ಹೇಳಿದರು. ಷರತ್ತನ್ನು ಬಾಯಿ ಬಿಟ್ಟು ಹೇಳದೆ ಮನಸ್ಸಿನೊಳಗೆ ಇಟ್ಟುಕೊಂಡರೆ ಶಾಫಿಈ ವಿದ್ವಾಂಸರು ಅದನ್ನು ಅನಪೇಕ್ಷಿತವೆನ್ನುತ್ತಾರೆಯೇ ಹೊರತು ರದ್ದುಪಡಿಸುವುದಿಲ್ಲ. ಈ ಸಣ್ಣ ಸಂದಿಯಲ್ಲೇ ಊರಿನ ಹಿರಿಯರು ನುಸುಳುತ್ತಾರೆ. ತಲಾಕ್‌ಗೆ ಆತುರಪಡುವ ಗಂಡಸಿಗೆ ಎಚ್ಚರಿಕೆಯಾಗಿ ಬಂದ ನಿಯಮವೊಂದು ಹೆಂಗಸಿಗೆ ಶಿಕ್ಷೆಯಾಗಿ ಮಾರ್ಪಟ್ಟದ್ದು ಹೀಗೆ. ತಪ್ಪು ಮಾಡಿದವನು ವರನ ವೇಷ ತೊಟ್ಟು ಹೊರಗೆ ಕಾಯುತ್ತಾನೆ, ಮಾಡದವಳು ಒಳಗೆ ಬೆಲೆ ತೆರುತ್ತಾಳೆ.

ಸಮ್ಮತಿಯ ವಿಷಯ ಇದಕ್ಕಿಂತಲೂ ಗಂಭೀರ. ಕನ್ಯೆಯಾದ ಮಗಳ ವಿಷಯದಲ್ಲಿ ತಂದೆಯ ಅಧಿಕಾರವೆಷ್ಟು ಎಂಬ ಬಗ್ಗೆ ಮದ್ಹಬ್‌ಗಳಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಒಮ್ಮೆ ಮದುವೆಯಾಗಿದ್ದ ವಯಸ್ಕ ಹೆಣ್ಣಿನ ಸ್ಪಷ್ಟ ಒಪ್ಪಿಗೆಯಿಲ್ಲದೆ ಅವಳ ನಿಕಾಹ್ ಮಾಡಬಹುದೆಂದು ನಾಲ್ಕು ಇಮಾಮರಲ್ಲಿ ಯಾರೂ ಹೇಳಿಲ್ಲ. ಖನ್ಸಾ ಬಿಂತಿ ಖಿದಾಮ್(ರ) ಅವರನ್ನು ತಂದೆ ಹಾಗೆ ಮದುವೆ ಮಾಡಿಕೊಟ್ಟಾಗ ಅವರು ನೇರವಾಗಿ ಪ್ರವಾದಿ(ಸ) ಸನ್ನಿಧಿಗೆ ಹೋಗಿ ದೂರಿತ್ತರು, ಆ ಮದುವೆ ರದ್ದಾಯಿತು. ಬರೀರಾ(ರ) ಎಂಬ ದಾಸ್ಯಮುಕ್ತ ಮಹಿಳೆಯ ಪ್ರಸಂಗ ಇನ್ನೂ ಹೃದ್ಯವಾದುದು. ಆಕೆ ಬಿಟ್ಟುಬಂದ ಗಂಡ ಮುಗೀಸ್ ಮದೀನಾದ ಬೀದಿಗಳಲ್ಲಿ ಗಡ್ಡ ತೊಯ್ಯುವಂತೆ ಅಳುತ್ತ ಅವಳ ಹಿಂದೆ ಅಲೆಯುತ್ತಿದ್ದ. ಪ್ರವಾದಿವರ್ಯರು(ಸ) ಅವನ ಪರವಾಗಿ ಒಂದು ಮಾತು ಆಡಿದರು. ಇದು ಆಜ್ಞೆಯೋ ಎಂದು ಬರೀರಾ ಕೇಳಿದರು. ಅಲ್ಲ, ಶಿಫಾರಸು ಮಾತ್ರ ಎಂದರು ಪ್ರವಾದಿ(ಸ). ಹಾಗಾದರೆ ನನಗೆ ಅವನು ಬೇಡವೆಂದರು ಆಕೆ. ಯಾರೂ ಅವರನ್ನು ಗದರಿಸಲಿಲ್ಲ. ಸ್ವತಃ ಪ್ರವಾದಿಯವರ ಶಿಫಾರಸನ್ನು ಒಬ್ಬ ಮಾಜಿ ದಾಸಿ ನಿರಾಕರಿಸಬಹುದಾಗಿದ್ದ ಸಮಾಜ ಎಲ್ಲಿ, ಅಪ್ಪನ ಮುಂದೆ ಮಗಳು ತಲೆಯೆತ್ತಲಾಗದ ನಮ್ಮ ಮನೆಗಳೆಲ್ಲಿ!

ನಾದಿರಾ ಯಾರು ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಊರಿನ ಕಣ್ಣಿಗೆ ಅವಳು ಖಾನನ ಮಗಳು, ಬಳಿಕ ರಶೀದನ ಹೆಂಡತಿ, ಆ ಬಳಿಕ ರಶೀದ ಬಿಟ್ಟವಳು. ಪ್ರತಿ ಸಲವೂ ಇನ್ನೊಬ್ಬನ ಹೆಸರಿಗೆ ಅಂಟಿಕೊಂಡೇ ಅವಳಿಗೆ ಗುರುತು. ಮದುವೆಯಾದ ಹೆಣ್ಣು ತನ್ನ ಹೆಸರನ್ನು ಬದಲಿಸಿಕೊಳ್ಳಬೇಕೆಂದು ಶರೀಅತ್ ಎಂದೂ ಹೇಳಲಿಲ್ಲ. ಅವಳ ಮಹರ್, ಅವಳ ಆಸ್ತಿ, ಅವಳ ಸಂಪಾದನೆ ಅವಳವೇ. ಹದಿನಾಲ್ಕು ಶತಮಾನಗಳ ಹಿಂದೆಯೇ ಹೆಣ್ಣನ್ನು ಸ್ವತಂತ್ರ ವ್ಯಕ್ತಿಯೆಂದು ದಾಖಲಿಸಿದ ಧರ್ಮದ ಅನುಯಾಯಿಗಳು ನಾವೆಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ದಾಖಲೆ ವೇದಿಕೆಯಿಂದಿಳಿದು ಅಡುಗೆಮನೆಯವರೆಗೆ ಬಂದಿದೆಯೇ ಎಂಬುದಷ್ಟೇ ಈ ನಾಟಕದ ತಗಾದೆ.

ಪುಸ್ತಕಕ್ಕಿಂತ ರಂಗ ಹೆಚ್ಚು ಕಟುವಾಗುವುದಕ್ಕೆ ಒಂದು ಕಾರಣವಿದೆ. ಗಂಡಸರು ಕುಳಿತು ಹೆಣ್ಣೊಬ್ಬಳ ಬದುಕನ್ನು ತೀರ್ಮಾನಿಸುವ ಮಾತುಗಳನ್ನು ಪುಟದಲ್ಲಿ ಓದುವಾಗ ನಮ್ಮ ಗಮನ ಮಾತಿನ ಮೇಲಿರುತ್ತದೆ, ಆ ಕ್ಷಣದಲ್ಲಿ ಹೆಣ್ಣು ಪುಟದಿಂದ ಮರೆಯಾಗಿಬಿಡುತ್ತಾಳೆ. ರಂಗದ ಮೇಲೆ ಹಾಗಾಗದು. ಮಾತಾಡದಿದ್ದರೂ ನಟಿ ಅಲ್ಲಿ ಇರುತ್ತಾಳೆ, ಕೇಳಿಸಿಕೊಳ್ಳುತ್ತಿರುತ್ತಾಳೆ, ಪ್ರೇಕ್ಷಕನ ಕಣ್ಣು ಆಗಾಗ ಅವಳತ್ತ ಹೊರಳುತ್ತದೆ. ನಮ್ಮ ಮೊಹಲ್ಲಾಗಳಲ್ಲಿ ತಲಾಕ್‌ನ ಪಂಚಾಯಿತಿ ನಡೆಯುವ ಕೋಣೆಗಳಲ್ಲಿ ಸಾಮಾನ್ಯವಾಗಿ ಆ ಹೆಣ್ಣಿಗೆ ಪ್ರವೇಶವಿರುವುದಿಲ್ಲ. ಅವಳ ಪರವಾಗಿ ಅವಳ ಅಪ್ಪನೋ ಅಣ್ಣನೋ ಮಾತಾಡುತ್ತಾರೆ. ಮಅಕಿಲ್ ಮಾತಾಡುತ್ತಾರೆ, ಮಅಕಿಲರ ತಂಗಿಯಲ್ಲ. ಅವಳು ಕುಳಿತು ಕೇಳುವುದನ್ನು ಕಣ್ಣಾರೆ ಕಾಣುವ ಅವಕಾಶ ನಮ್ಮ ಜಮಾಅತ್‌ನ ಹಿರಿಯರಿಗೆ ನಾಟಕಶಾಲೆಯಲ್ಲಿ ಮಾತ್ರ ಸಿಗುವುದಾದರೆ ಸಿಗಲಿ.

ಇಷ್ಟು ಹೇಳಿದ ಮೇಲೆ ನಾಟಕದ ಇನ್ನೊಂದು ಪ್ರೇಕ್ಷಕ ವರ್ಗದೊಂದಿಗೂ ಎರಡು ಮಾತು ಆಡಬೇಕಿದೆ. ಪಶ್ಚಿಮ ಬೆಂಗಳೂರಿನ ಮಲ್ಲತ್ತಹಳ್ಳಿಯಲ್ಲಿ, ಜ್ಞಾನಭಾರತಿಯ ಮಗ್ಗುಲಲ್ಲಿ ಕಲಾಗ್ರಾಮವಿದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿ ರಂಗರೂಪಕ್ಕೆ ತಂದರು, ಸಿ. ಬಸವಲಿಂಗಯ್ಯ ನಿರ್ದೇಶಿಸಿದರು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಆರಂಭವಾದ ಆ ಅಹೋರಾತ್ರಿಯ ನಾಟಕ 2013ರಲ್ಲಿ ಕಲಾಗ್ರಾಮಕ್ಕೆ ಬಂತು. ಸುಮಾರು ಒಂಬತ್ತು ಗಂಟೆಗಳ ಕಾಲ, ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದು ನಡೆಯುತ್ತ, ಚಳಿಯಲ್ಲಿ ಕಂಬಳಿ ಹೊದ್ದು ಜನ ಬೆಳಗಿನವರೆಗೆ ಕುಳಿತು ನೋಡಿದರು. ಅದರಲ್ಲಿಯೂ ಒಬ್ಬ ತಂದೆಯಿದ್ದಾನೆ, ಒಬ್ಬ ಮಗಳಿದ್ದಾಳೆ. ತಂದೆ ಗೊತ್ತುಮಾಡಿದ ಮದುವೆಯನ್ನು ಒಪ್ಪಲಾರದೆ ಚಿನ್ನಮ್ಮ ಮನೆಬಿಟ್ಟು ಕತ್ತಲ ಕಾಡಿಗೆ ಓಡುತ್ತಾಳೆ. ಅದನ್ನು ಕಂಡ ಯಾವ ಪ್ರೇಕ್ಷಕನೂ ಹಿಂದೂ ಧರ್ಮವೇ ಹೀಗೆಂದು ಗೊಣಗುತ್ತ ಮನೆಗೆ ಹೋಗುವುದಿಲ್ಲ. ಅವನು ಆ ತಂದೆಯನ್ನು ಬೈಯುತ್ತಾನೆ, ಆ ಕಾಲವನ್ನು ಬೈಯುತ್ತಾನೆ, ಕುವೆಂಪು ಅವರನ್ನು ಕೊಂಡಾಡುತ್ತಾನೆ. ನಾದಿರಾಳ ವಿಷಯಕ್ಕೆ ಬಂದಾಗ ಮಾತ್ರ ತಂದೆ ಕರಗಿಹೋಗುತ್ತಾನೆ, ಕಾಲ ಕರಗಿಹೋಗುತ್ತದೆ, ಇಸ್ಲಾಮ್ ಒಂದೇ ಕಟಕಟೆಯಲ್ಲಿ ಉಳಿಯುತ್ತದೆ. ಚಿನ್ನಮ್ಮನಿಗೆ ಓಡಲು ಒಂದು ಕಾಡಿತ್ತು, ಜತೆಗೆ ಬರುವ ಗೆಳತಿಯಿದ್ದಳು. ನಾದಿರಾಳಿಗೆ ಎರಡೂ ಇರಲಿಲ್ಲ. ಇಬ್ಬರ ಕಥೆಗಳ ನಡುವೆ ವಿಚಾರಿಸಬೇಕಾದ ಅಂತರವೆಂದರೆ ಅದು.

ಲೇಖಕಿಯನ್ನು ಈ ದೋಷಕ್ಕೆ ಹೊಣೆ ಮಾಡಲಾಗದು. ಕಾದಂಬರಿ ಫತ್ವಾ ಅಲ್ಲ. 232ನೇ ಸೂಕ್ತವನ್ನು ಓದಿಹೇಳುವ ಒಬ್ಬ ಮೌಲವಿಯನ್ನು ಅವರು ಕಥೆಯೊಳಗೆ ತರಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಅಂಥ ಮೌಲವಿ ಆ ಊರಿನಲ್ಲಿ ಇದ್ದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಆತ್ಮಹತ್ಯೆ ಹರಾಮ್, ಅದನ್ನು ವೈಭವೀಕರಿಸಲಾಗಿದೆ ಎಂಬ ಆಕ್ಷೇಪವೂ ಇದೆ. ಹರಾಮ್ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅವಳನ್ನು ಕೊಳದ ಅಂಚಿನವರೆಗೆ ನಡೆಸಿಕೊಂಡು ಹೋದವರ ಲೆಕ್ಕವನ್ನು ಯಾರು ಕೇಳಬೇಕು? ಜೀವ ಕಳೆದುಕೊಂಡವಳ ಪಾಪವನ್ನು ಎಣಿಸಲು ಕುಳಿತ ನಾಲಿಗೆಗಳು ಶಪಿತವಾದ ಮದುವೆಯನ್ನು ಏರ್ಪಡಿಸಿದವರ ವಿಷಯದಲ್ಲಿ ಒಣಗಿಹೋಗುವುದು ಖೇದಕರ.

ರಾಜಕೀಯವನ್ನು ಬಿಟ್ಟು ಈ ವಿಷಯವನ್ನು ಚರ್ಚಿಸುವಂತೆಯೂ ಇಲ್ಲ. 2017ರ ಆಗಸ್ಟ್‌ನಲ್ಲಿ ಸುಪ್ರೀಮ್ ಕೋರ್ಟು ಒಂದೇ ಉಸಿರಿನ ಮೂರು ತಲಾಕನ್ನು ಅಸಿಂಧುವೆಂದಿತು. 2019ರ ಕಾನೂನು ಅದನ್ನು ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧವಾಗಿಸಿತು. ಅಸಿಂಧುವಾದ ಮಾತೊಂದಕ್ಕೆ ಗಂಡನನ್ನು ಜೈಲಿಗೆ ಕಳಿಸಿದರೆ ಆ ಹೆಣ್ಣಿನ ಒಲೆ ಹೇಗೆ ಉರಿಯಬೇಕು ಎಂಬ ಪ್ರಶ್ನೆಗೆ ಕಾನೂನು ತಂದವರು ಸಮರ್ಪಕ ಉತ್ತರ ಕೊಡಲಿಲ್ಲ. ನಿಕಾಹ್ ಹಲಾಲದ ವಿರುದ್ಧದ ಅರ್ಜಿಗಳನ್ನು 2018ರಲ್ಲಿ ನ್ಯಾಯಾಲಯ ಸಂವಿಧಾನ ಪೀಠಕ್ಕೆ ಒಪ್ಪಿಸಿತು. ಮುಸ್ಲಿಮ್ ಸಹೋದರಿಯರ ಬಗ್ಗೆ ಇಷ್ಟೊಂದು ಕಳಕಳಿ ತೋರಿದವರಲ್ಲಿ ಹಲವರು 2022ರ ಆರಂಭದಲ್ಲಿ ಉಡುಪಿಯ ಕಾಲೇಜು ಗೇಟಿನ ಹೊರಗೆ ಶಿರವಸ್ತ್ರದ ಕಾರಣಕ್ಕೆ ಹುಡುಗಿಯರು ನಿಂತಿದ್ದಾಗ ಎಲ್ಲಿದ್ದರು? ಆ ಹುಡುಗಿಯರೂ ತಮ್ಮ ಗುರುತನ್ನು ತಾವೇ ನಿರ್ಧರಿಸುವ ಹಕ್ಕನ್ನೇ ಕೇಳುತ್ತಿದ್ದರು. ಅಪ್ಪನ ಆಜ್ಞೆಯಿಂದ ತಲೆ ಮುಚ್ಚುವುದು ತಪ್ಪಾದರೆ ಸರಕಾರದ ಆಜ್ಞೆಯಿಂದ ತೆರೆಯುವುದು ಹೇಗೆ ಸರಿಯಾಗುತ್ತದೆ? ನಾದಿರಾಳಿಗೆ ಸುರಿದ ಕಣ್ಣೀರಿನಲ್ಲಿ ಒಂದು ಹನಿಯನ್ನು ಅವರಿಗೂ ಉಳಿಸಬಹುದಿತ್ತು.

ಅದೇ 2022ರ ಜುಲೈಯಲ್ಲಿ ಸೊರಬ ತಾಲೂಕಿನ ಆನವಟ್ಟಿಯಲ್ಲಿ ಜಯಂತ ಕಾಯ್ಕಿಣಿ ರೂಪಾಂತರಿಸಿದ 'ಜತೆಗಿರುವನು ಚಂದಿರ' ನಾಟಕವನ್ನು ಹಿಂದುತ್ವ ಸಂಘಟನೆಯ ಕಾರ್ಯಕರ್ತರು ನಡುವಿನಲ್ಲೇ ನಿಲ್ಲಿಸಿದರು. 'ಫಿಡ್ಲರ್ ಆನ್ ದಿ ರೂಫ್' ಎಂಬ ಪ್ರಸಿದ್ಧ ನಾಟಕದ ಯಹೂದಿ ಕುಟುಂಬವನ್ನು ಕಾಯ್ಕಿಣಿಯವರು ಮುಸ್ಲಿಮ್ ಕುಟುಂಬವಾಗಿಸಿದ್ದರು. ಅಲ್ಲಿಯೂ ಮದುವೆಯ ವಿಷಯದಲ್ಲಿ ಹೆಣ್ಣುಮಕ್ಕಳ ಮನಸ್ಸು ಒಂದು ಕಡೆ, ತಂದೆಯ ಸಂಪ್ರದಾಯ ಇನ್ನೊಂದು ಕಡೆ. ಆದರೆ ಆ ತಂದೆ ಕ್ರೂರಿಯಲ್ಲ, ಮಕ್ಕಳ ಮಾತಿಗೆ ಕರಗುವವನು. ದುಷ್ಟ ಮುಸ್ಲಿಮ್ ತಂದೆಯನ್ನು ಎಲ್ಲರೂ ನೋಡಬಹುದು, ಒಳ್ಳೆಯ ಮುಸ್ಲಿಮ್ ತಂದೆಯನ್ನು ಮಾತ್ರ ಕೆಲವರಿಗೆ ಸಹಿಸಲಾಗದು ಎಂಬ ತೀರ್ಮಾನಕ್ಕೆ ನಾವು ಬಂದರೆ ಯಾರೂ ಬೇಸರಿಸಬಾರದು. ಪುತ್ತೂರಿನಲ್ಲಿ ಲೇಖಕಿಯ ಬಾಯಿ ಮುಚ್ಚಿಸಲು ಹೊರಟವರೂ ಆನವಟ್ಟಿಯಲ್ಲಿ ನಾಟಕ ನಿಲ್ಲಿಸಿದವರೂ ಒಬ್ಬರನ್ನೊಬ್ಬರು ಬಲ್ಲವರಲ್ಲ. ಕೆಲಸ ಮಾತ್ರ ಒಂದೇ.

ನಮ್ಮ ನಗರದ ಕುಟುಂಬಗಳು ಈ ಕೃತಿಯಿಂದ ದೂರ ಉಳಿದುದಕ್ಕೆ ಭಾಷೆಯೂ ಕಾರಣ. ಬೆಂಗಳೂರಿನ ಮುಸ್ಲಿಮ್ ಮನೆಗಳ ಓದು ಬಹುಕಾಲ ಉರ್ದುವಿನಲ್ಲಿ ನಡೆಯಿತು. ಸಾರಾ ಕಾಸರಗೋಡಿನ ಮುಸ್ಲಿಮ್ ಮನೆಯಿಂದ ಬಂದವರು, ಕನ್ನಡ ಶಾಲೆಯಲ್ಲಿ ಓದಿ, 1956ರಲ್ಲಿ ಊರು ಕೇರಳಕ್ಕೆ ಸೇರಿದ ಬಳಿಕವೂ ಕನ್ನಡದಲ್ಲೇ ಬರೆದವರು. ಹಾಗಾಗಿ ಅವರು ನಮ್ಮ ಹಿರಿಯರ ಕಪಾಟಿಗೆ ಬರಲೇ ಇಲ್ಲ. ಇಂದು ಆ ನೆಪ ಉಳಿದಿಲ್ಲ. ರಾಜಾಜಿನಗರದ, ವಿಜಯನಗರದ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳು ಉರ್ದುವಿಗಿಂತ ಕನ್ನಡವನ್ನು ಸಲೀಸಾಗಿ ಓದುತ್ತಾರೆ. ಅವರು ಈ ಕಾದಂಬರಿಯನ್ನು ನಮಗಿಂತ ಮೊದಲೇ ಓದುತ್ತಾರೆ, ಓದಿ ಪ್ರಶ್ನೆ ಕೇಳುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಎಷ್ಟೋ ಮನೆಗಳಲ್ಲಿ ಇಂಥ ಪ್ರಶ್ನೆಗಳು ಎದ್ದವು. ಉತ್ತರ ಸಿದ್ಧವಿಲ್ಲದ ತಂದೆ ಗದರಿಸುತ್ತಾನೆ. ಗದರಿಕೆ ಮಗಳ ಬಾಯಿಯನ್ನು ಮುಚ್ಚಿಸೀತು, ಪ್ರಶ್ನೆಯನ್ನಲ್ಲ.

ಹಾಗಾದರೆ ಮಾಡಬೇಕಾದುದೇನು? ನಿಕಾಹ್‌ನ ದಿನ ವಕೀಲನೂ ಇಬ್ಬರು ಸಾಕ್ಷಿಗಳೂ ಹೆಣ್ಣಿನ ಕೋಣೆಗೆ ಹೋಗಿ ಒಪ್ಪಿಗೆ ಕೇಳುವ ಕ್ರಮ ನಮ್ಮಲ್ಲಿದೆ. ಹತ್ತಾರು ಬಂಧುಗಳ ನಡುವೆ, ಅತಿಥಿಗಳು ಊಟಕ್ಕೆ ಕಾದಿರುವಾಗ, ಸೆರಗಿನೊಳಗಿನ ಮೌನವನ್ನು ಒಪ್ಪಿಗೆಯೆಂದು ಬರೆದುಕೊಂಡು ಬರುವುದಕ್ಕೆ ಅರ್ಥವೇನು? ಸಂಬಂಧ ಗೊತ್ತುಮಾಡುವ ಮೊದಲೇ, ಇನ್ನೂ ಬೇಡವೆನ್ನಲು ಸಾಧ್ಯವಿರುವಾಗಲೇ ಕೇಳಬೇಕು. ಮಹರನ್ನು ಕಾಗದದಲ್ಲಿ ಬಾಕಿಯಿಡದೆ ಕೈಗೆ ಕೊಡಬೇಕು. ಸಂಕಷ್ಟ ಬಂದಾಗ ಹೆಣ್ಣು ತಾನಾಗಿ ಬಿಡುಗಡೆ ಪಡೆಯುವಂತೆ ತಲಾಕ್‌ನ ಅಧಿಕಾರವನ್ನು ಆಕೆಗೆ ವಹಿಸಿಕೊಡುವ ಷರತ್ತನ್ನು ನಿಕಾಹ್‌ನಾಮೆಯಲ್ಲಿ ಸೇರಿಸಲು ಹನಫೀ ಫಿಕ್ಹ್‌ನಲ್ಲಿ ಅವಕಾಶವಿದೆ. ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿ 2005ರಲ್ಲಿ ಭೋಪಾಲದಲ್ಲಿ ಮಾದರಿ ನಿಕಾಹ್‌ನಾಮೆಯನ್ನು ಪ್ರಕಟಿಸಿತು. ಅದನ್ನು ಕಣ್ಣಿಂದ ಕಂಡ ಮನೆಗಳು ಎಷ್ಟಿವೆಯೋ! ಮಸೀದಿಯ ಸಮಿತಿಯ ಮುಂದೆ ಮುರಿದ ಮದುವೆಯೊಂದು ಬಂದರೆ ಹೆಣ್ಣಿನ ಮಾತನ್ನು ಹೆಣ್ಣಿನ ಬಾಯಿಂದಲೇ ಕೇಳಲು ಸುಶಿಕ್ಷಿತ ಮಹಿಳೆಯರಿಬ್ಬರನ್ನು ಜತೆಗೆ ಕೂರಿಸಿಕೊಳ್ಳುವುದಕ್ಕೆ ಯಾವ ಮದ್ಹಬ್ ಅಡ್ಡಬರುತ್ತದೆ? ಖತೀಬರು ವರ್ಷದಲ್ಲಿ ಒಂದು ಶುಕ್ರವಾರವನ್ನಾದರೂ ಅಲ್‌ಬಕರಃದ 229ರಿಂದ 232ರವರೆಗಿನ ಸೂಕ್ತಗಳಿಗೆ ಮೀಸಲಿಡಲಿ, ನಾಲ್ಕನ್ನೂ ಒಟ್ಟಿಗೆ.

ನಾಟಕವನ್ನು ಮತ್ತೆ ಆಡುವ ಸುದ್ದಿ ಬಂದರೆ ಅದನ್ನು ನಗರದ ನಡುವಿನ ರಂಗಮಂದಿರಗಳಿಗೇ ಬಿಡದೆ ನಮ್ಮ ಕಡೆಗೂ ಕರೆಸಿಕೊಳ್ಳಬಹುದು. ಬಸವೇಶ್ವರನಗರದಲ್ಲಿ ಕೆ.ಇ.ಎ. ಪ್ರಭಾತ್ ರಂಗಮಂದಿರವಿದೆ, ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮವಿದೆ. ಕ್ರಿಕೆಟ್ ಪಂದ್ಯಾವಳಿಗೆ, ಕವ್ವಾಲಿಗೆ ಚಂದಾ ಎತ್ತುವ ಯುವಕ ಸಂಘಗಳಿಗೆ ಒಂದು ಸಂಜೆಯ ಖರ್ಚು ಭಾರವಾಗಲಿಕ್ಕಿಲ್ಲ. ವಿಜಯನಗರದಿಂದ ಜ್ಞಾನಭಾರತಿಗೆ ಮೆಟ್ರೋದ ನೇರಳೆ ಮಾರ್ಗದಲ್ಲಿ ಕೆಲವೇ ನಿಲ್ದಾಣಗಳ ದಾರಿ. ನಾಟಕಗಳು ಸಾಮಾನ್ಯವಾಗಿ ಸಂಜೆ ಏಳರ ಹೊತ್ತಿಗೆ ಆರಂಭವಾಗುತ್ತವೆ. ಹತ್ತಿರದ ಮಸೀದಿಯಲ್ಲಿ ಮಗ್ರಿಬ್ ಮುಗಿಸಿಕೊಂಡೇ ಹೋಗಿ ಕೂರಬಹುದು, ಇಶಾವನ್ನು ಮನೆಗೆ ಮರಳಿ ನಿರ್ವಹಿಸಬಹುದು. ಗಂಡಸರು ಮಾತ್ರ ಹೋಗುವುದು ಬೇಡ. ಹೆಂಡತಿಯನ್ನೂ ಹೆಣ್ಣುಮಕ್ಕಳನ್ನೂ ಜತೆಗೆ ಕರೆದುಕೊಂಡು ಹೋಗಿ, ಮರಳುವ ದಾರಿಯಲ್ಲಿ ಮೊದಲು ಅವರಿಗೆ ಮಾತಾಡಲು ಬಿಡಿ.